ಎರಡು ಮನೆಯ ಅಕ್ಕಿ

ಸುಜ್ಞಾನಮ್ಮನ ಬಗ್ಗೆ ಎರಡು ಪುಟ ಬರೆದುಕೊಡಿ ಎಂದು ನಮ್ಮ ಗುಬ್ಬಿ ಚರ್ಚಿನ ಸಭೆಯ ಕಮಿಟಿಯವರು ಕೇಳಿದಾಗ ಮೊದಲು ನಗು ಬಂತು, ಆಮೇಲೆ ಮೈ ಉರಿಯಿತು. ಮುಂದಿನ ತಿಂಗಳು ಅವಳು ಆಸ್ಪತ್ರೆಯ ಆಯಾ ಕೆಲಸದಿಂದ ನಿವೃತ್ತಳಾಗುತ್ತಾಳಂತೆ. ಅದಕ್ಕೆ ಚರ್ಚಿನಲ್ಲಿ ಒಂದು ಶಾಲು, ಒಂದು ಹಾರ, ಒಂದು ಸಣ್ಣ ಪುಸ್ತಕ. ನಾನು ಸಭಾಪಾಲಕರ, ಅಂದರೆ ಪಾದ್ರಿಗಳ ಹೆಂಡತಿ, ಕನ್ನಡ ಎಂ.ಎ. ಮಾಡಿದವಳು. ಹಾಗಾಗಿ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು.

ಯಾರನ್ನು ಕೇಳಬಾರದಿತ್ತೋ ಅವರನ್ನೇ ಕೇಳಿದ್ದಾರೆ. ನನಗೆ ಅವಳನ್ನು ಕಂಡರೆ ಆಗುವುದಿಲ್ಲ, ಅದು ಇಡೀ ಸಭೆಗೆ ಗೊತ್ತು. ಸ್ತ್ರೀಯರ ಸಂಘದ ಅಧ್ಯಕ್ಷೆಯ ಸ್ಥಾನವನ್ನು ನಾನು ಕಳೆದುಕೊಂಡದ್ದು ಅವಳಿಂದ. ಹೊಗಳಿಕೆ ಬೇಕಾದವರು ಬೇರೆಯವರ ಕೈಯಲ್ಲಿ ಬರೆಸಿಕೊಳ್ಳಲಿ. ನಾನು ನಡೆದದ್ದನ್ನು ಬರೆಯುತ್ತೇನೆ. ಅಚ್ಚು ಹಾಕುವುದು, ಹರಿದು ಹಾಕುವುದು ಅವರ ಇಷ್ಟ.

ಅವಳು ಊರ್ಡಿಗೆರೆ ಕಡೆಯವಳು. ಗಂಡ ಗಾರೆ ಕೆಲಸದವನು, ಮದುವೆಯಾದ ಆರನೇ ವರ್ಷ ಜ್ವರ ಬಂದು ತೀರಿಕೊಂಡ. ಮಕ್ಕಳಿಲ್ಲ. ಗುಬ್ಬಿ ಸ್ಟೇಷನ್ನಿನ ಹಿಂದೆ ಒಂದು ಶೀಟಿನ ಮನೆ. ಬೆಳಿಗ್ಗೆಯ ಪ್ಯಾಸೆಂಜರ್ ಹಿಡಿದು ತುಮಕೂರಿಗೆ ಹೋಗಿ, ಶಿರಾ ಗೇಟ್ ಹತ್ತಿರದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ ಬಾಣಂತಿಯರ ಬಟ್ಟೆ ಒಗೆದಿದ್ದಾಳೆ, ಮಕ್ಕಳಿಗೆ ನೀರು ಹಾಕಿದ್ದಾಳೆ. ನನಗಿಂತ ಎಂಟು ವರ್ಷ ದೊಡ್ಡವಳು. ಆದರೂ ನಾನು ಅವಳನ್ನು ನೀನು ಎಂದೇ ಕರೆಯುತ್ತಿದ್ದೆ, ಅವಳು ನನ್ನನ್ನು ಅಮ್ಮಾವ್ರೆ ಎನ್ನುತ್ತಿದ್ದಳು. ಅದರಲ್ಲಿ ತಪ್ಪೇನೂ ನನಗೆ ಕಂಡಿರಲಿಲ್ಲ.

ಕಂಡದ್ದು ಬೇರೆ. ಇವಳು ಮೀಟಿಂಗಿನಲ್ಲಿ ಬಾಯಿಯೇ ಬಿಡುತ್ತಿರಲಿಲ್ಲ. ಕೊನೆಯ ಬೆಂಚಿನಲ್ಲಿ ಸೆರಗು ಹೊದ್ದು ಕೂತಿರುತ್ತಿದ್ದಳು. ನಾವು ಎರಡು ಗಂಟೆ ಚರ್ಚೆ ಮಾಡಿ ಒಂದು ತೀರ್ಮಾನಕ್ಕೆ ಬಂದರೆ, ತಿಂಗಳು ಕಳೆಯುವುದರೊಳಗೆ ಅದು ಹೇಗೋ ಏನೋ ಅವಳಿಗೆ ಬೇಕಾದಂತೆ ಆಗಿಬಿಟ್ಟಿರುತ್ತಿತ್ತು. ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಚರ್ಚಿನಲ್ಲಿ ಗಂಟೆ ಹೊಡೆಯುವ ಮುದುಕ ಕುಡಿದು ಬರುತ್ತಿದ್ದ. ಒಂದು ಭಾನುವಾರ ಹತ್ತು ಗಂಟೆಯ ಆರಾಧನೆಗೆ ಹನ್ನೊಂದಕ್ಕೆ ಗಂಟೆ ಹೊಡೆದ. ಅವನನ್ನು ಬಿಡಿಸಬೇಕೆಂದು ನಾನೇ ಪಟ್ಟು ಹಿಡಿದೆ, ಕಮಿಟಿ ಒಪ್ಪಿತು, ಮಿನಿಟ್ಸ್ ಪುಸ್ತಕದಲ್ಲಿ ಬರೆದೂ ಆಯಿತು. ಸುಜ್ಞಾನಮ್ಮ ಒಂದು ಮಾತೂ ಎದುರಾಡಲಿಲ್ಲ. ಮುಂದಿನ ಭಾನುವಾರದಿಂದ ಬೆಳಿಗ್ಗೆ ಫ್ಲಾಸ್ಕಿನಲ್ಲಿ ಕಾಫಿ ತೆಗೆದುಕೊಂಡು ಅವನ ಮನೆಗೆ ಹೋಗುವಳು, ಅವನ ಜೊತೆ ಕೂತು ಕುಡಿಯುವಳು, ಜೊತೆಯಲ್ಲೇ ಚರ್ಚಿಗೆ ನಡೆದುಕೊಂಡು ಬರುವಳು. ಕುಡಿಯಬೇಡ ಎಂದು ಒಂದು ದಿನವೂ ಹೇಳಲಿಲ್ಲವಂತೆ. ಆ ಹೆಂಗಸು ಬಾಗಿಲಿಗೆ ಬರುತ್ತಾಳಲ್ಲ ಎಂಬ ನಾಚಿಕೆಗೆ ಮುದುಕ ಶನಿವಾರ ಬಾಟಲಿ ಮುಟ್ಟುವುದನ್ನು ಬಿಟ್ಟ. ನನ್ನ ತೀರ್ಮಾನ ಇನ್ನೂ ಮಿನಿಟ್ಸಿನಲ್ಲಿದೆ. ಮುದುಕ ಇನ್ನೂ ಗಂಟೆ ಹೊಡೆಯುತ್ತಿದ್ದಾನೆ, ಸರಿಯಾದ ಹೊತ್ತಿಗೆ.

ಇಂಥವಳ ಮೇಲೆ ಸಿಟ್ಟು ಬಂದರೂ ತೋರಿಸುವುದು ಹೇಗೆ? ಜಗಳಕ್ಕೆ ಸಿಕ್ಕಿದರಲ್ಲವೇ! ಬೈದರೆ, 'ಆಯ್ತು ಅಮ್ಮಾವ್ರೆ' ಎನ್ನುವಳು. ಆಮೇಲೆ ತನಗೆ ತೋಚಿದ್ದನ್ನೇ ಮಾಡುವಳು.

ಈಗ ಅಕ್ಕಿಯ ವಿಷಯಕ್ಕೆ ಬರುತ್ತೇನೆ. ನಮ್ಮ ಹೆಂಗಸರಲ್ಲಿ ಹಿಡಿಯಕ್ಕಿಯ ಪದ್ಧತಿ ಇದೆ. ಅನ್ನಕ್ಕೆ ಇಡುವಾಗ ಅಳೆದ ಅಕ್ಕಿಯಿಂದ ಒಂದು ಹಿಡಿ ತೆಗೆದು, ಒಂದು ಮಾತು ಪ್ರಾರ್ಥನೆ ಮಾಡಿ, ಬೇರೆ ಡಬ್ಬಿಗೆ ಹಾಕಿಡುವುದು. ತಿಂಗಳ ಮೊದಲ ಭಾನುವಾರ ಅದನ್ನು ಬಟ್ಟೆಯ ಚೀಲದಲ್ಲಿ ಚರ್ಚಿಗೆ ತಂದು, ಮುಂದೆ ಇಟ್ಟಿರುವ ತಾಮ್ರದ ಹಂಡೆಗೆ ಸುರಿಯುವುದು. ಗಂಡಸರಿಗೆ ಇದರಲ್ಲಿ ಕೈಯಿಲ್ಲ. ಹಂಡೆಯ ಅಕ್ಕಿ ಸಭಾಪಾಲಕರ ಮನೆಗೆ ಸೇರುತ್ತದೆ, ಅಂದರೆ ನಮ್ಮ ಮನೆಗೆ. ನಾವು ಉಣ್ಣುವುದು ಅದನ್ನೇ.

ಇದಕ್ಕೊಂದು ನಿಯಮವಿತ್ತು. ಸಭೆಯ ಹೊರಗೆ ಮದುವೆಯಾಗಿ ಶಿಸ್ತಿನ ಕ್ರಮಕ್ಕೆ ಒಳಗಾದವರ ಅಕ್ಕಿ ಹಂಡೆಗೆ ಬೀಳಬಾರದು. ಅಂಥವರನ್ನು ಸೇರಿಸಿಕೊಂಡ ಮನೆಯ ಅಕ್ಕಿಯೂ ಬೀಳಬಾರದು. ನಿಯಮ ಮಾಡಿದವಳು ನಾನಲ್ಲ, ಹಿಂದಿನಿಂದ ಇದ್ದದ್ದು, ಯಾರೂ ಕೇಳುವವರಿಲ್ಲದೆ ಧೂಳು ಹಿಡಿದಿತ್ತು. ಧೂಳು ಒರೆಸಿ ಜಾರಿಗೆ ತಂದವಳು ನಾನು. ಗುಬ್ಬಿಗೆ ಬಂದ ಮೊದಲ ವರ್ಷವೇ ಇಬ್ಬರು ತಾಯಂದಿರ ಚೀಲಗಳನ್ನು ಎಲ್ಲರೆದುರು ವಾಪಸ್ ಕೊಟ್ಟೆ. ಒಬ್ಬಳು ಅಳುತ್ತಲೇ ಮನೆಗೆ ಹೋದಳು. ಶಿಸ್ತು ಎಂದರೆ ಶಿಸ್ತು ಎಂದುಕೊಂಡೆ.

ಮರುವರ್ಷ ನನ್ನ ಮಗಳು ಪ್ರಮೀಳಾ ಕುಣಿಗಲ್ಲಿನ ತಿಮ್ಮೇಶನನ್ನು ಮದುವೆಯಾದಳು. ಒಬ್ಬಳೇ ಮಗಳು. ತುಮಕೂರಿನಲ್ಲಿ ಬಿ.ಎಡ್. ಓದುತ್ತಿದ್ದವಳು. ಹುಡುಗ ಕರೆಂಟ್ ಆಫೀಸಿನಲ್ಲಿ ಕೆಲಸದಲ್ಲಿದ್ದ, ಮನೆಯವರಿಗೆ ತೆಂಗಿನ ತೋಟ, ಕುಣಿಗಲ್ ಕೆರೆಯ ಕೆಳಗೆ ಗದ್ದೆ. ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಹಾಕಿ, ಅವರ ಮನೆದೇವರ ಮುಂದೆ ತಾಳಿ ಕಟ್ಟಿಸಿಕೊಂಡು ಫೋನ್ ಮಾಡಿದಳು. ನಾನು ಏನು ಅಂದೆನೋ ಅದನ್ನು ಇಲ್ಲಿ ಬರೆಯಲಾರೆ.

ಆ ತಿಂಗಳ ಮೊದಲ ಭಾನುವಾರ ಚರ್ಚಿನ ಹೆಂಗಸರೆಲ್ಲ ನನ್ನ ಚೀಲವನ್ನೇ ನೋಡುತ್ತಿದ್ದರು. ನಾನು ವಾಪಸ್ ಕಳಿಸಿದ್ದ ಆ ಇಬ್ಬರು ತಾಯಂದಿರು ಮುಂದಿನ ಸಾಲಿನಲ್ಲೇ ಕೂತಿದ್ದರು. ನನ್ನ ಅಕ್ಕಿ ಬೀಳಬೇಕು, ನನ್ನ ಸ್ಥಾನ ಉಳಿಯಬೇಕು ಎಂದರೆ ದಾರಿ ಒಂದೇ ಇತ್ತು. ಮೈಕ್ ಕೈಗೆ ತೆಗೆದುಕೊಂಡು, 'ಇವತ್ತಿನಿಂದ ನನಗೆ ಮಗಳಿಲ್ಲ, ನನ್ನ ಮನೆ ಶುದ್ಧವಾಗಿದೆ' ಎಂದು ಹೇಳಿ ಅಕ್ಕಿ ಸುರಿದೆ. ನನ್ನ ಯಜಮಾನರು ಪೀಠದ ಹಿಂದೆ ತಲೆ ತಗ್ಗಿಸಿ ನಿಂತಿದ್ದರು. ನಾನು ಗೆದ್ದೆ ಎಂದುಕೊಂಡು ಮನೆಗೆ ಬಂದೆ.

ಅದಾಗಿ ಹತ್ತು ತಿಂಗಳಿರಬಹುದು, ಸುಜ್ಞಾನಮ್ಮನ ಅಕ್ಕಿ ಕೆಟ್ಟಿತು. ಬೇರೆಯವರದೆಲ್ಲ ಸಣ್ಣಕ್ಕಿ, ಬಿಳಿ. ಇವಳ ಚೀಲದಲ್ಲಿ ಅರ್ಧ ಸಣ್ಣಕ್ಕಿ, ಅರ್ಧ ದಪ್ಪಕ್ಕಿ. ಒಟ್ಟಿಗೆ ಬೇಯಿಸಿದರೆ ಒಂದು ಮುದ್ದೆಯಾಗುತ್ತಿತ್ತು, ಇನ್ನೊಂದು ಗಟ್ಟಿಯೇ ಉಳಿಯುತ್ತಿತ್ತು. ಎರಡು ತಿಂಗಳು ಸುಮ್ಮನಿದ್ದೆ. ಮೂರನೇ ತಿಂಗಳು ಹಂಡೆಯ ಮುಂದೆಯೇ ಅವಳ ಚೀಲ ಹಿಡಿದು ಎಲ್ಲರಿಗೂ ತೋರಿಸಿದೆ.

'ಏನಿದು? ದೇವರಿಗೆ ಕೊಡುವಾಗ ಹೀಗಾ ಕೊಡೋದು?'

'ಎರಡು ಮನೆ ಅಕ್ಕಿ ಅಮ್ಮಾವ್ರೆ,' ಎಂದಳು.

'ಯಾರ ಮನೇದು?'

'ಬೇಕಾದೋರ್ ಮನೇದು.'

ಆಸ್ಪತ್ರೆಗೆ ಬರುವವರ ಹತ್ತಿರ ಬೇಡಿ ತರುತ್ತಾಳೆ ಎಂದುಕೊಂಡೆ. ಬಾಣಂತಿಯರ ಮನೆಯವರು ಸಂತೋಷಕ್ಕೆ ಕೊಟ್ಟ ಅಕ್ಕಿಯನ್ನು ಹಿಡಿಯಕ್ಕಿ ಎಂದು ತಂದು ಸುರಿಯುತ್ತಾಳೆ ಎಂದು ಎಲ್ಲರೆದುರು ಅಂದೂಬಿಟ್ಟೆ. ಇನ್ನು ಮೇಲೆ ತರಬೇಡ ಎಂದೆ. 'ಆಯ್ತು ಅಮ್ಮಾವ್ರೆ,' ಎಂದಳು. ಮುಂದಿನ ತಿಂಗಳೂ ಅದೇ ಚೀಲ, ಅದೇ ಎರಡು ತರಹದ ಅಕ್ಕಿ. ಎರಡು ವರ್ಷ ನಾನು ಮೊರ ಹಿಡಿದು ಕೂತು ಅವಳನ್ನು ಶಪಿಸುತ್ತಾ ದಪ್ಪಕ್ಕಿ ಆರಿಸಿದ್ದೇನೆ. ಆರಿಸಿದ್ದನ್ನು ಕೋಳಿಗೆ ಹಾಕಲು ಹೋದರೆ ಯಜಮಾನರು ತಡೆಯುತ್ತಿದ್ದರು. 'ಅದನ್ನ ನನಗೆ ಬೇರೆ ಬೇಯಿಸು, ರುಚಿಯಾಗಿದೆ' ಎನ್ನುತ್ತಿದ್ದರು. ಈ ಮನುಷ್ಯನಿಗೆ ನಾಲಿಗೆ ಕೆಟ್ಟಿದೆ ಎಂದುಕೊಂಡು ಬೇಯಿಸಿ ಹಾಕುತ್ತಿದ್ದೆ. ಎಷ್ಟೋ ಸಲ ನಾನೂ ಅದನ್ನೇ ಉಂಡಿದ್ದೇನೆ.

ಹೋದ ವರ್ಷ ಅಕ್ಟೋಬರಿನಲ್ಲಿ ತುಮಕೂರಿನಲ್ಲಿ ಸುತ್ತಲಿನ ಸಭೆಗಳ ಹೆಂಗಸರೆಲ್ಲ ಸೇರುವ ಕೂಟವಿತ್ತು. ಮುಖ್ಯ ಭಾಷಣ ನನ್ನದು. ಕೊಟ್ಟ ವಿಷಯ, ಹೆಂಗಸರು ಸದ್ದಿಲ್ಲದೆ ಇತರರನ್ನು ಹೇಗೆ ತಿದ್ದುತ್ತಾರೆ ಎಂಬುದು. ಒಂದು ತಿಂಗಳು ಕೂತು ತಯಾರಿ ಮಾಡಿದೆ. ಆ ದಿನ ಪ್ರತಿ ಸಭೆಯ ಅಧ್ಯಕ್ಷೆಯೂ ತನ್ನ ಸಭೆಯ ಹಿಡಿಯಕ್ಕಿಯನ್ನು ವೇದಿಕೆಯ ಮೇಲಿನ ದೊಡ್ಡ ಹಂಡೆಗೆ ಸುರಿಯಬೇಕು. ನಮ್ಮವರೆಲ್ಲ ಚೀಲ ತಂದಿದ್ದರು, ಎಲ್ಲವನ್ನೂ ಒಂದೇ ಚೀಲಕ್ಕೆ ಸುರಿದುಕೊಂಡಿದ್ದೆ. ಸುಜ್ಞಾನಮ್ಮ ಬಂದಿರಲಿಲ್ಲ. ಬರದಿದ್ದದ್ದು ಒಳ್ಳೆಯದೇ ಆಯಿತು ಎಂದುಕೊಂಡೆ.

ಮುಕ್ಕಾಲು ಗಂಟೆ ಮಾತಾಡಿದೆ. ಉಪ್ಪಿನ ಉದಾಹರಣೆ ಕೊಟ್ಟೆ, ಎಲ್ಲರೂ ಕೊಡುತ್ತಾರೆ. ನಾಲ್ಕು ಜನ ಕಣ್ಣು ಒರೆಸಿಕೊಂಡರು. ಅದರ ಹುರುಪಿನಲ್ಲಿ, ಇನ್ನೊಂದು ತರಹದ ಹೆಂಗಸರೂ ಇದ್ದಾರೆ, ಬಾಯಿ ಮುಚ್ಚಿಕೊಂಡೇ ಮನೆಮನೆ ಸುತ್ತಿ ಸಭೆಯನ್ನು ಒಳಗಿಂದ ಕೊರೆಯುವವರು, ಅಂಥವರ ಮೌನಕ್ಕೆ ಮೋಸ ಹೋಗಬೇಡಿ ಎಂದೆ. ಗುಬ್ಬಿಯವರಿಗೆ ಯಾರೆಂದು ಗೊತ್ತಾಯಿತು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ.

ಮಾತು ಮುಗಿಸಿ ಅಕ್ಕಿಯ ಚೀಲ ಎತ್ತಿಕೊಳ್ಳುವಾಗ ಬಾಗಿಲಲ್ಲಿ ಗದ್ದಲ ಕೇಳಿಸಿತು. ಅರವತ್ತೈದು ದಾಟಿದ ಹೆಂಗಸೊಬ್ಬಳು ನುಗ್ಗಿ ಬರುತ್ತಿದ್ದಳು. ಹಣೆಯ ತುಂಬ ಕುಂಕುಮ, ಕೈತುಂಬ ಹಸಿರು ಬಳೆ. ನಮ್ಮ ಕೂಟಕ್ಕೆ ಸೇರಿದವಳಲ್ಲ ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು. ಕೈಯಲ್ಲಿ ಸುಜ್ಞಾನಮ್ಮನ ಬಟ್ಟೆಯ ಚೀಲ.

'ಗುಬ್ಬಿ ಅಯ್ನೋರ್ ಮನೆಯೋರು ಯಾರವ್ವ ಇಲ್ಲಿ?'

ನಾನು ಎಂದೆ. ಅವಳು ವೇದಿಕೆಯ ಹತ್ತಿರ ಬಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

'ನೀನೇಯಾ? ಮಗ್ಳಿಲ್ಲ ಅಂದೋಳು ನೀನೇ ಏನವ್ವ? ನಾನು ಗಂಗಲಕ್ಷ್ಮಮ್ಮ. ತಿಮ್ಮೇಶನ ತಾಯಿ.'

ಸಭಾಂಗಣದಲ್ಲಿ ಇನ್ನೂರು ಹೆಂಗಸರಿದ್ದರು. ನನ್ನ ಮುಂದಿನ ಮೈಕ್ ಇನ್ನೂ ಆನ್ ಆಗಿತ್ತು, ಅವಳ ಮಾತು ಕೊನೆಯ ಸಾಲಿನವರೆಗೂ ಕೇಳಿಸುತ್ತಿತ್ತು.

'ತಗೋ ಅಕ್ಕಿ,' ಎಂದು ಚೀಲ ನನ್ನ ಕೈಗೆ ತುರುಕಿದಳು. 'ಸುಜ್ಞಾನಕ್ಕ ಆಸ್ಪತ್ರೆಲಿ ಅವ್ಳೆ, ನಮ್ ಸೊಸೆ ಮಗ್ಗುಲು ಬುಟ್ಟು ಬರಂಗಿಲ್ಲ. ಎಂಟ್ ತಿಂಗ್ಳು ತುಂಬೈತೆ, ನೆನ್ನೆಯಿಂದ ರಕ್ತ ಹೋಗ್ತೈತೆ. ತಿಂಗ್ಳಕ್ಕಿ ಮಾತ್ರ ತಪ್ಪುಸ್ಬಾರ್ದಂತೆ, ನಿನ್ ಮಗ್ಳು ಮಲಗಿದ್ದಲ್ಲೇ ನೆನಪು ಮಾಡಿದ್ಲು. ಎರಡು ವರ್ಸದಿಂದ ನಮ್ ಗದ್ದೆ ಅಕ್ಕೀಲಿ ದಿನಾ ಒಂದೊಂದು ಹಿಡಿ ತೆಗೀತವ್ಳೆ. ಈ ತಿಂಗ್ಳು ಅವ್ಳಿಗೆ ಏಳೋಕಾಗ್ಲಿಲ್ಲ, ನಾನೇ ತೆಗೆದಿಟ್ಟೆ.'

'ನೀವಾ?' ಎಂದದ್ದು ನಾನಲ್ಲ, ಮುಂದಿನ ಸಾಲಿನ ಯಾರೋ.

'ಹೂಂ ಕಣವ್ವ, ನಾನೇಯ. ಯಾಕೆ, ನಮ್ ಕೈಯಕ್ಕಿ ನಿಮ್ ದೇವ್ರಿಗೆ ಆಗಲ್ವಾ? ಮೊದ್ಲು ನಂಗೂ ಈ ಸೊಸೆನ ಕಂಡ್ರೆ ಆಯ್ತಿರ್ಲಿಲ್ಲ. ಮೊದ್ಲನೆ ಹೆರಿಗೇಲಿ ಆಸ್ಪತ್ರೆಗೆ ಸೇರ್ಸಿ ಬಂದ್‌ಬುಟ್ಟಿದ್ದೆ, ತಾಯಿ ಮನೆಯೋರು ನೋಡ್ಕೊಳ್ಲಿ ಅಂತ. ತಾಯಿ ಎಲ್ಲವ್ಳೆ? ಸುಜ್ಞಾನಕ್ಕನೇ ನೋಡ್ಕೊಂಡಿದ್ದು. ಬಾಣಂತನಕ್ಕೂ ರಜಾ ಹಾಕಿ ಬಂದ್ಲು. ನನ್ನ ಒಂದು ಮಾತು ಅನ್ಲಿಲ್ಲ. ನನ್ ಕುಂಕುಮದ ತಂಟೆಗೂ ಬರ್ಲಿಲ್ಲ. ಮಗೀಗೆ ನೀರು ಹಾಕೋದು, ಒಂದು ಗಳಿಗೆ ಕಣ್ಮುಚ್ಚಿ ಬೇಡ್ಕೊಳ್ಳೋದು, ಬಸ್ಸು ಹತ್ತೋದು. ಅವ್ಳು ಹಂಗೆ ಬಂದು ಹೋಗ್ತಾ ಇದ್ರೆ ನಂಗೆ ನನ್ ಮನೇಲೇ ನಾಚ್ಕೆ ಆಗೋಯ್ತು.'

ನನ್ನ ಕೈಯಲ್ಲಿ ಎರಡು ಚೀಲಗಳಿದ್ದವು. ಒಂದರಲ್ಲಿ ಇಡೀ ಗುಬ್ಬಿಯ ಅಕ್ಕಿ, ಇನ್ನೊಂದರಲ್ಲಿ ಆ ದಪ್ಪಕ್ಕಿ. ಎರಡು ವರ್ಷ ನಾನು ಆರಿಸಿದ್ದು, ಶಪಿಸಿದ್ದು, ಉಂಡಿದ್ದು ನನ್ನ ಮಗಳ ಅಕ್ಕಿ. ಆಗ ಏನನ್ನಿಸಿತು ಎಂದು ನನ್ನನ್ನು ಕೇಳಿದವರಿದ್ದಾರೆ. ಪಶ್ಚಾತ್ತಾಪವಾಯಿತು ಎಂದರೆ ಸುಳ್ಳಾಗುತ್ತದೆ. ಸಿಟ್ಟು ಬಂತು, ಕಣ್ಣು ಕತ್ತಲೆಯಾಗುವಷ್ಟು. ಇನ್ನೂರು ಜನರೆದುರು ನನ್ನ ಮಾನ ಹರಾಜಾಗಿತ್ತು, ಹರಾಜು ಹಾಕಿದವಳು ಅಲ್ಲಿ ಇರಲೂ ಇಲ್ಲ. ಮಗಳ ಅಕ್ಕಿ ನನ್ನ ಮನೆಯೊಳಗೇ ಸೇರಿದ ಮೇಲೆ, ನಿಯಮದ ಪ್ರಕಾರ ಇನ್ನು ನಾನು ಅಕ್ಕಿ ಸುರಿಯುವಂತಿರಲಿಲ್ಲ. ಎರಡೂ ಚೀಲಗಳನ್ನು ಮೇಜಿನ ಮೇಲಿಟ್ಟು ವೇದಿಕೆ ಇಳಿದೆ. ಅಧ್ಯಕ್ಷೆಯಾಗಿ ನಾನು ಮಾಡಿದ ಕೊನೆಯ ಕೆಲಸ ಅದು.

ಗಂಗಲಕ್ಷ್ಮಮ್ಮನ ಜೊತೆ ಆಟೋ ಹತ್ತಿದೆ. ದಾರಿಯುದ್ದಕ್ಕೂ ಅವಳು ನನ್ನ ಮುಖ ನೋಡಲಿಲ್ಲ. ಯಜಮಾನರಿಗೆ ಫೋನ್ ಮಾಡಿದೆ.

'ಪ್ರಮೀಳಾ ಆಸ್ಪತ್ರೆಯಲ್ಲಿದ್ದಾಳೆ. ನಿಮಗೆ ಗೊತ್ತಿತ್ತಾ?'

'ಗೊತ್ತಿತ್ತು. ನಾನು ಹೊರಟಿದೀನಿ, ಗುಬ್ಬಿ ದಾಟಿ ಬರ್ತಾ ಇದೀನಿ.'

'ಯಾವಾಗಿನಿಂದ ಗೊತ್ತಿತ್ತು?'

'ಮೊಮ್ಮಗಳಿಗೆ ಹೆಸರಿಟ್ಟ ದಿನ ಹೋಗಿದ್ದೆ. ಸುಜ್ಞಾನಮ್ಮ ಬಂದು ಕರೆದರು. ಭೂಮಿಕಾ ಅಂತ ಹೆಸರು.'

ಆ ದಿನ ಪಾದ್ರಿಗಳ ಮೀಟಿಂಗ್ ಇದೆ ಎಂದು ಹೇಳಿ ಹೋಗಿದ್ದರು. ನಾನೇ ಇಸ್ತ್ರಿ ಮಾಡಿದ ಅಂಗಿ ಕೊಟ್ಟು ಕಳಿಸಿದ್ದೆ. ಮೂವತ್ತು ವರ್ಷ ನನ್ನೆದುರು ಸುಳ್ಳು ಹೇಳದ ಮನುಷ್ಯನನ್ನೂ ಅವಳು ಕೆಡಿಸಿದ್ದಳು. ಫೋನ್ ಇಟ್ಟೆ.

ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ವಾರ್ಡಿನ ಬಾಗಿಲಿಗೆ ಅಡ್ಡವಾಗಿ ಸುಜ್ಞಾನಮ್ಮ ನಿಂತಿದ್ದಳು. ನೀಲಿ ಸೀರೆ, ಸೊಂಟದ ಮೇಲೆ ಎರಡು ವರ್ಷದ ಹೆಣ್ಣುಮಗು. ಮಗು ಅವಳ ಕೊರಳು ತಬ್ಬಿಕೊಂಡು ನನ್ನನ್ನು ಹೊಸಬಳನ್ನು ನೋಡುವಂತೆ ನೋಡಿತು. ಮೂಗು ಥೇಟ್ ಪ್ರಮೀಳಾಳದೇ. ಗಂಗಲಕ್ಷ್ಮಮ್ಮ ಮಗುವನ್ನು ಎತ್ತಿಕೊಳ್ಳಲು ಹೋದರೆ ಅದು 'ಅಜ್ಜಿ, ಅಜ್ಜಿ' ಎಂದು ಸುಜ್ಞಾನಮ್ಮನನ್ನೇ ಬಿಗಿಯಾಗಿ ಹಿಡಿದುಕೊಂಡಿತು.

'ನನ್ನ ಬೆನ್ನ ಹಿಂದೆ ಇಷ್ಟು ದಿನ ನಾಟಕ ಆಡಿದೆಯಲ್ಲ!' ಎಂದೆ. ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

'ಹೂಂ ಅಮ್ಮಾವ್ರೆ.'

'ಅಕ್ಕಿ ಯಾರದು ಅಂತ ಕೇಳಿದಾಗಲಾದರೂ ಹೇಳಬಹುದಿತ್ತಲ್ಲ?'

'ಹೇಳಿದ್ರೆ ನೀವು ಬಿಸಾಕ್ತಿದ್ರಿ.'

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬಿಸಾಕುತ್ತಿದ್ದೆ, ನಿಜ. ಅದಕ್ಕೇ ನನಗೆ ಇನ್ನೂ ರೇಗಿತು. ದಾರಿ ಬಿಡು, ನನ್ನ ಮಗಳನ್ನು ನಾನು ನೋಡಬೇಕು ಎಂದೆ. ಮೂರು ವರ್ಷದಲ್ಲಿ ಮೊದಲ ಸಲ ನನ್ನ ಮಗಳು ಎಂದೆನಲ್ಲ ಎಂದು ಆಮೇಲೆ ಹೊಳೆಯಿತು.

'ಕೈಕಾಲು ತೊಳ್ಕೊಳಿ ಅಮ್ಮಾವ್ರೆ. ಸಿಟ್ಟೆಲ್ಲ ಇಲ್ಲೇ ನನ್ ಮೇಲೆ ಹಾಕ್‌ಬುಡಿ, ಒಳಗೆ ತಗೊಂಡೋಗ್ಬೇಡಿ. ಡಾಕ್ಟ್ರು ಅಪಾಯ ಕಳೆದಿಲ್ಲ ಅಂದವ್ರೆ. ಹತ್ತು ನಿಮಿಷಕ್ಕೆ ಒಪ್ಪವ್ಳೆ, ಅದೂ ಈಗ ಬೆಳಿಗ್ಗೆ ಒಪ್ಪಿದ್ದು.'

'ಒಪ್ಪವ್ಳೆ ಅಂದರೆ? ಯಾರು ಒಪ್ಪೋದು?'

'ಪ್ರಮೀಳಮ್ಮ. ನಿಮ್ ಹೆಸ್ರು ಎತ್ತಿದ್ರೆ ಸಾಕು, ಎದ್ದೋಗ್ತಿದ್ಲು. ಒಪ್ಸೋಕೆ ಇಷ್ಟು ದಿನ ಹಿಡೀತು.'

ಮಗಳನ್ನು ಮನೆಗೆ ಸೇರಿಸುವುದೋ ಬಿಡುವುದೋ ನನ್ನ ಕೈಯಲ್ಲಿದೆ ಎಂದು ಮೂರು ವರ್ಷ ಬೀಗಿದ್ದೆ. ನಾನು ಮನಸ್ಸು ಮಾಡಿದ ದಿನ ಅವಳು ಓಡಿ ಬಂದು ಕಾಲಿಗೆ ಬೀಳುತ್ತಾಳೆ ಎಂದುಕೊಂಡಿದ್ದೆ. ಸುಜ್ಞಾನಮ್ಮ ಗುಟ್ಟಾಗಿ ತಿದ್ದುತ್ತಿದ್ದರೆ ನನ್ನನ್ನೇ ತಿದ್ದುತ್ತಿರಬೇಕು ಎಂದು ಆಟೋದಲ್ಲಿ ಕೂತಾಗಲೂ ಅಂದುಕೊಂಡಿದ್ದೆ. ಅವಳು ನನ್ನನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಬಸ್ಸು ಹತ್ತಿ ಕುಣಿಗಲ್ಲಿಗೆ ಅಷ್ಟು ಸಲ ಹೋದದ್ದು, ಅಕ್ಕಿ ತೆಗೆದಿಡಲು ಹೇಳಿಕೊಟ್ಟದ್ದು, ಅದನ್ನು ಹೊತ್ತು ತಂದು ನನ್ನ ಅಡುಗೆಮನೆ ಸೇರಿಸಿದ್ದು, ಎಲ್ಲವೂ ನನ್ನ ಮಗಳ ಮನಸ್ಸಿನಲ್ಲಿ ನನಗೆ ಒಂದಿಷ್ಟು ಜಾಗ ಉಳಿಸಲು. ಅಮ್ಮ ಉಣ್ಣುವ ಅನ್ನದಲ್ಲಿ ನಿನ್ನದೂ ಒಂದು ತುತ್ತು ಇರಲಿ ಎಂದು ಅವಳು ಪ್ರಮೀಳಾಗೆ ಹೇಳುತ್ತಿದ್ದಳಂತೆ. ಇದನ್ನು ಗಂಗಲಕ್ಷ್ಮಮ್ಮ ಎಷ್ಟೋ ದಿನದ ಮೇಲೆ ನನಗೆ ಹೇಳಿದರು.

ನಲ್ಲಿಯ ಕೆಳಗೆ ಕೈಕಾಲು ತೊಳೆದುಕೊಂಡು ಒಳಗೆ ಹೋದೆ.

ಪ್ರಮೀಳಾ ಕಿಟಕಿಯ ಪಕ್ಕದ ಮಂಚದಲ್ಲಿದ್ದಳು. ಕಾಲ ಕೆಳಗೆ ದಿಂಬು, ಕೈಗೆ ಡ್ರಿಪ್. ಮುಖದಲ್ಲಿ ರಕ್ತವೇ ಇರಲಿಲ್ಲ. ನನ್ನನ್ನು ನೋಡಿ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಅಳಲಿಲ್ಲ.

'ಪ್ರಮೀ,' ಎಂದೆ.

'ಸುಜ್ಞಾನಕ್ಕ ಕೇಳ್ಕೊಂಡ್ರು ಅಂತ ಒಪ್ಕೊಂಡೆ ಅಮ್ಮ. ಹತ್ತು ನಿಮಿಷ. ಕೂತ್ಕೊ.'

ಸ್ಟೂಲಿನ ಮೇಲೆ ಕೂತೆ. ಕೈ ಹಿಡಿಯಲು ಹೋದೆ, ಡ್ರಿಪ್ ಹಾಕಿದ ಕೈ ಎಂದು ವಾಪಸ್ ತೆಗೆದುಕೊಂಡೆ. ಅವಳು ಕಿಟಕಿಯ ಕಡೆ ನೋಡುತ್ತಾ ಮಲಗಿದ್ದಳು. ಕೆಳಗೆ ರಸ್ತೆಯಲ್ಲಿ ಬಸ್ಸುಗಳ ಹಾರನ್ ಕೇಳಿಸುತ್ತಿತ್ತು.

ಹತ್ತು ನಿಮಿಷ ಆಯಿತೋ ಇಲ್ಲವೋ, ಸುಜ್ಞಾನಮ್ಮ ಒಳಗೆ ಬಂದು ಹೊದಿಕೆ ಸರಿಮಾಡಿದಳು. 'ನಾಳೆ ಬನ್ನಿ ಅಮ್ಮಾವ್ರೆ,' ಎಂದಳು.

ನಾನು ಎದ್ದು ನಿಂತು ಮಗಳ ಮುಖ ನೋಡಿದೆ. ಮಗಳು ನನ್ನನ್ನು ನೋಡಲಿಲ್ಲ. ಸುಜ್ಞಾನಮ್ಮನ ಮುಖ ನೋಡಿದಳು, ಬಹಳ ಹೊತ್ತು ನೋಡಿ, ಹೂಂ ಎಂದಳು.